ಒಂದು ಸಹಿಯಿಂದ ಸಂವಿಧಾನ ಬದಲಾಗುತ್ತದೆಯೇ?

ಜನವರಿ ಕೊನೆಯ ವಾರ ಊರಿನಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಅವರ ಮಗಳು ಮತ್ತು ಅಳಿಯ ಟೆಕ್ಸಾಸ್‌ನಲ್ಲಿ ಎಚ್‌-1ಬಿ ವೀಸಾದ ಮೇಲೆ ಕೆಲಸದಲ್ಲಿದ್ದಾರೆ. ಏಪ್ರಿಲ್‌ನಲ್ಲಿ ಅಕ್ಕನಿಗೆ ಹೆರಿಗೆ. ‘ಅಲ್ಲೇ ಹುಟ್ಟಿದ್ರೂ ಇನ್ಮೇಲೆ ಮಗುಗೆ ಅಲ್ಲಿನ ಪೌರತ್ವ ಇಲ್ವಂತೆ ಕಣೋ. ಒಬ್ರು ಸಹಿ ಹಾಕಿದ್ರೆ ಎಲ್ಲಾ ಬದಲಾಗಿಬಿಡುತ್ತಾ?’ ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಬಿ.ಇ. ಓದುವ ನಮಗೆ ನಮ್ಮ ಸಂವಿಧಾನವೇ ಪರೀಕ್ಷೆಯ ಹಿಂದಿನ ರಾತ್ರಿ ಓದುವ ವಿಷಯ. ಅಮೆರಿಕದ್ದು ಕೇಳಬೇಕೇ?

ದೊಡ್ಡಮ್ಮ ಹೇಳಿದ ಆ ಸಹಿ 2025ರ ಜನವರಿ 20ರದ್ದು. ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದ ಮೇಲೋ ಅಮೆರಿಕದಲ್ಲಿದ್ದು, ತಂದೆಯೂ ಪೌರ ಅಥವಾ ಗ್ರೀನ್ ಕಾರ್ಡ್‌ದಾರ ಅಲ್ಲದಿದ್ದರೆ ಮಗುವಿಗೆ ಜನ್ಮಸಿದ್ಧ ಪೌರತ್ವ ಇಲ್ಲ ಎಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಧಿಕಾರ ವಹಿಸಿಕೊಂಡ ದಿನವೇ ಆದೇಶ ಹೊರಡಿಸಿದರು. ಮೂರೇ ದಿನಕ್ಕೆ, ಜನವರಿ 23ರಂದು, ಸಿಯಾಟಲ್‌ನ ಫೆಡರಲ್ ನ್ಯಾಯಾಧೀಶರೊಬ್ಬರು ಅದಕ್ಕೆ ತಡೆ ನೀಡಿದರು. ಆ ನ್ಯಾಯಾಧೀಶರನ್ನು ನೇಮಿಸಿದ್ದು ಟ್ರಂಪ್ ಅವರದ್ದೇ ಪಕ್ಷದ ರೊನಾಲ್ಡ್ ರೇಗನ್! ಇದು ಹೇಗೆ ಸಾಧ್ಯವಾಯಿತು ಎಂದು ತಿಳಿಯಲು ಆ ಸಂವಿಧಾನ ಬರೆದ ಕಾಲಕ್ಕೆ ಹೋಗಬೇಕು.

ಬ್ರಿಟಿಷ್ ರಾಜನಿಂದ ಬಿಡಿಸಿಕೊಂಡ 13 ರಾಜ್ಯಗಳು ಮೊದಲು ಮಾಡಿಕೊಂಡದ್ದು ತೀರಾ ಸಡಿಲವಾದ ಒಕ್ಕೂಟ. 1781ರಲ್ಲಿ ಜಾರಿಗೆ ಬಂದ ಆ ವ್ಯವಸ್ಥೆಯಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ನಿಯಮ ತಿದ್ದಲು ಎಲ್ಲ 13 ರಾಜ್ಯಗಳೂ ಒಪ್ಪಬೇಕಿತ್ತು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸೈನಿಕರಿಗೆ ಸರಿಯಾಗಿ ಸಂಬಳ ಸಿಗಲಿಲ್ಲ. 1786ರಲ್ಲಿ ಮ್ಯಾಸಚೂಸೆಟ್ಸ್‌ನ ಸಾಲಗಾರ ರೈತರು ಮಾಜಿ ಸೈನಿಕ ಡೇನಿಯಲ್ ಶೇಸ್ ಜೊತೆ ದಂಗೆ ಎದ್ದರು.

ಮರುವರ್ಷ ಫಿಲಡೆಲ್ಫಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷತೆಯಲ್ಲಿ 55 ಪ್ರತಿನಿಧಿಗಳು ಸೇರಿದರು. ಹಳೆಯದನ್ನು ರಿಪೇರಿ ಮಾಡಲು ಬಂದವರು ಹೊಸದನ್ನೇ ಬರೆದರು. ಅವರಿಗಿದ್ದದ್ದು ಎರಡು ಭಯ: ಸರ್ಕಾರ ದುರ್ಬಲವಾದರೆ ಅರಾಜಕತೆ, ಬಲವಾದರೆ ಇನ್ನೊಬ್ಬ ರಾಜ. ಅದಕ್ಕೆ ಅವರು ಕಂಡುಕೊಂಡ ಪರಿಹಾರ ಅಧಿಕಾರವನ್ನು ಹಂಚುವುದು. 1787ರ ಸೆಪ್ಟೆಂಬರ್ 17ರಂದು ಸಹಿಯಾದ ಆ ದಾಖಲೆಯಲ್ಲಿ ಇರುವುದು ಏಳೇ ವಿಧಿಗಳು. ಮೊದಲನೆಯದು ಕಾನೂನು ಮಾಡುವ ಕಾಂಗ್ರೆಸ್‌ಗೆ, ಎರಡನೆಯದು ಅಧ್ಯಕ್ಷರಿಗೆ, ಮೂರನೆಯದು ನ್ಯಾಯಾಲಯಕ್ಕೆ. ಅಧ್ಯಕ್ಷರು ಮಸೂದೆಯನ್ನು ತಿರಸ್ಕರಿಸಬಹುದು. ಕಾಂಗ್ರೆಸ್ ಮೂರನೇ ಎರಡರಷ್ಟು ಮತದಿಂದ ಅದನ್ನು ಮೀರಬಹುದು. ನ್ಯಾಯಾಧೀಶರನ್ನು ಅಧ್ಯಕ್ಷರು ಹೆಸರಿಸಿದರೂ ಸೆನೆಟ್ ಒಪ್ಪಬೇಕು. ಒಮ್ಮೆ ನೇಮಕವಾದ ಮೇಲೆ ಫೆಡರಲ್ ನ್ಯಾಯಾಧೀಶರ ಹುದ್ದೆ ಜೀವನಪರ್ಯಂತ. ರೇಗನ್ ನೇಮಿಸಿದವರು ಯಾರ ಹಂಗೂ ಇಲ್ಲದೆ ಟ್ರಂಪ್ ಆದೇಶ ತಡೆಯಲು ಸಾಧ್ಯವಾದದ್ದು ಇದರಿಂದಲೇ.

ಹಾಗೆಂದು ಆ ಸಂವಿಧಾನ ಹುಟ್ಟುವಾಗಲೇ ಪರಿಪೂರ್ಣವಾಗಿರಲಿಲ್ಲ. ಪ್ರಾತಿನಿಧ್ಯದ ಲೆಕ್ಕಕ್ಕೆ ಗುಲಾಮರನ್ನು ಐದನೇ ಮೂರರಷ್ಟು ಎಂದು ಎಣಿಸಿತು. ಕಪ್ಪು ಜನ ಪೌರರಾಗಲಾರರು ಎಂದು 1857ರಲ್ಲಿ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿತ್ತು. ಅಂತರ್ಯುದ್ಧ ನಡೆದು ಲಕ್ಷಾಂತರ ಜನ ಸತ್ತ ನಂತರ, 1868ರಲ್ಲಿ 14ನೇ ತಿದ್ದುಪಡಿ ಬಂತು: ಅಮೆರಿಕದಲ್ಲಿ ಹುಟ್ಟಿ ಅದರ ಅಧಿಕಾರ ವ್ಯಾಪ್ತಿಗೆ ಒಳಪಟ್ಟವರೆಲ್ಲ ಅದರ ಪೌರರು. ಅಕ್ಕನ ಮಗುವಿಗೆ ಆಗ ಆಸರೆಯಾಗಿದ್ದದ್ದು ಗುಲಾಮರ ಮಕ್ಕಳಿಗಾಗಿ ಬರೆದ ಈ ಸಾಲು. ಚೀನೀ ತಂದೆ ತಾಯಿಗೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ಪೌರನೇ ಎಂದು 1898ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಆ ತಂದೆ ತಾಯಿ ಅಲ್ಲೇ ನೆಲೆಸಿದ್ದವರು, ತಾತ್ಕಾಲಿಕವಾಗಿ ಬಂದವರ ಮಕ್ಕಳು ‘ಅಧಿಕಾರ ವ್ಯಾಪ್ತಿ’ಗೆ ಸೇರುವುದಿಲ್ಲ ಎಂಬುದು ಟ್ರಂಪ್ ಸರ್ಕಾರದ ವಾದವಾಗಿತ್ತು. ಈ ಎರಡು ಪದಗಳ ಅರ್ಥದ ಮೇಲೆ ಸಾವಿರಾರು ಮಕ್ಕಳ ಪೌರತ್ವ ನಿಂತಿತ್ತು.

ಸಂವಿಧಾನವನ್ನೇ ಬದಲಿಸಬೇಕೆಂದರೆ ಕಾಂಗ್ರೆಸ್‌ನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಮೇಲೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ ಬೇಕು. ಅದಕ್ಕೇ ಇಷ್ಟು ವರ್ಷಗಳಲ್ಲಿ ಆದದ್ದು 27 ತಿದ್ದುಪಡಿಗಳು ಮಾತ್ರ.

ನಮ್ಮಲ್ಲಿ ಹಾಗಲ್ಲ. ಪೌರತ್ವದ ನಿಯಮಗಳನ್ನು ನಮ್ಮ ಸಂವಿಧಾನ ಸಂಸತ್ತಿಗೆ ಬಿಟ್ಟಿದೆ. ಹಾಗಾಗಿ ಭಾರತದಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಎಂಬುದು 1987ರ ಜುಲೈ 1ರಿಂದ ಒಂದು ಸಾಮಾನ್ಯ ಕಾಯ್ದೆಯಿಂದಲೇ ಹೋಯಿತು. ಅಮೆರಿಕದ ಆದೇಶಕ್ಕೆ ಸಿಟ್ಟಾಗುವ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ನನಗಂತೂ ಗೊತ್ತಿರಲಿಲ್ಲ.

2025ರ ಆರಂಭದಲ್ಲಿ ಈ ಪ್ರಕರಣ ಇನ್ನೂ ಮುಗಿದಿರಲಿಲ್ಲ.  ಆದರೆ ಒಂದು ಗಮನಿಸಿ: ಸಂವಿಧಾನ ತಾನಾಗಿಯೇ ಎದ್ದು ಬಂದು ಯಾರನ್ನೂ ತಡೆಯಲಿಲ್ಲ. ನಾಲ್ಕು ರಾಜ್ಯಗಳು ಸಿಯಾಟಲ್‌ನ ನ್ಯಾಯಾಲಯಕ್ಕೆ ಹೋದವು, ನ್ಯಾಯಾಧೀಶರು ಹಿಂಜರಿಯಲಿಲ್ಲ. ಒಳಗೆ ಏನು ಬರೆದಿದೆ ಎಂದು ತಿಳಿದವರು ಇದ್ದುದರಿಂದ ಆ ಹಾಳೆಗೆ ಬಲ ಬಂತು.

ಆ ದಿನಗಳಲ್ಲಿ ದೊಡ್ಡಮ್ಮನಿಗೆ ಫೋನ್ ಮಾಡಿ, ‘ಒಂದು ಸಹಿಯಿಂದ ಅಷ್ಟು ಸುಲಭಕ್ಕೆ ಆಗಲ್ಲ ದೊಡ್ಡಮ್ಮ, ಸದ್ಯಕ್ಕೆ ಕೋರ್ಟು ತಡೆದಿದೆ’ ಎಂದೆ. ಫೋನ್ ಇಟ್ಟ ಮೇಲೆ, ಕಳೆದ ಸೆಮಿಸ್ಟರ್‌ನಲ್ಲಿ ಪರೀಕ್ಷೆ ಮುಗಿದ ಕೂಡಲೇ ಮೂಲೆಗೆ ಹಾಕಿದ್ದ ನಮ್ಮ ಸಂವಿಧಾನದ ಪುಸ್ತಕವನ್ನು ಹುಡುಕಿ ತೆಗೆದೆ.