ಎರಡನೆಯ ಬ್ಯಾಟರಿಯ ಹಸಿವು



ರಾಯದುರ್ಗ, ಮಡಕಶಿರಾ ಸೀಮೆಯ ದೂರದ ಹಳ್ಳಿಗಳಿಗೆ ಜೀಪಿನಲ್ಲಿ ಹೋಗಿ ರಾತ್ರಿ ತಂಗುವವರಿಗೆ ದೀಪ, ಮೈಕು, ಫ್ಯಾನಿಗಾಗಿ ಎರಡನೆಯ ಬ್ಯಾಟರಿಯೊಂದಿದ್ದರೆ ಅನುಕೂಲ. (ಮಡಕಶಿರಾ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ಅಲ್ಲಿನ ಅನೇಕ ಮನೆಗಳ ಮಾತು ಇಂದಿಗೂ ಕನ್ನಡವೇ.)

ಎರಡು ಬ್ಯಾಟರಿಗಳನ್ನು ಬರೀ ತಂತಿಯಿಂದ ಜೋಡಿಸಬೇಡಿ. ರಾತ್ರಿಯ ದೀಪ ಎರಡನ್ನೂ ಬರಿದು ಮಾಡುತ್ತದೆ. ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಇಂಜಿನ್ ಚಾಲೂ ಆಗದಿದ್ದರೆ ಗತಿಯೇನು? ನಡುವೆ ಒಂದು ರಿಲೇ ಹಾಕಿಸಿ. ಇಂಜಿನ್ ಓಡುವಾಗ ಅದು ಎರಡನ್ನೂ ಕೂಡಿಸುತ್ತದೆ, ನಿಂತಾಗ ಬೇರ್ಪಡಿಸುತ್ತದೆ. ಎರಡೂ ಬ್ಯಾಟರಿಗಳ ಸಮೀಪ ಫ್ಯೂಸ್ ಇರಲಿ.

“ಗಾಡಿ ಓಡಿದರೆ ತಾನೇ ಚಾರ್ಜ್ ಆಗುತ್ತದೆ” ಎಂಬುದು ಅರ್ಧ ಸತ್ಯ. ಆಲ್ಟರ್ನೇಟರ್ ಸುಮಾರು 14 ವೋಲ್ಟ್ ಕೊಡುತ್ತದೆ, ನಿಜ. ಆದರೆ ಸೀಸದ ಬ್ಯಾಟರಿ ಮೊದಲು ಬೇಗ ಉಂಡು, ಕೊನೆಯ ಐದನೇ ಒಂದು ಪಾಲಿಗೆ ಹಲವು ಗಂಟೆ ತೆಗೆದುಕೊಳ್ಳುತ್ತದೆ. ಅರ್ಧ ಗಂಟೆಯ ಓಡಾಟ ಸಾಲದು. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿಯ ಶಕ್ತಿ ಕುಂದುತ್ತದೆ.

ಕೆಲವು ಗಂಟೆ ವಿಶ್ರಾಂತಿಯ ನಂತರ ಮೀಟರ್ ಹಿಡಿದು ನೋಡಿ: 12.6 ವೋಲ್ಟ್ ಅಥವಾ ಮೇಲಿದ್ದರೆ ತುಂಬಿದೆ, 12.2 ಆದರೆ ಸುಮಾರು ಅರ್ಧ. ಕೊರತೆ ನೀಗಿಸಲು ಈ ಮಳೆ ಕಡಿಮೆಯ ನಾಡಿನ ಬಿಸಿಲೇ ಇದೆಯಲ್ಲ! ಚಾವಣಿಯ ಮೇಲೆ 100 ವ್ಯಾಟಿನ ಸೌರಫಲಕ, ಜೊತೆಗೆ ಚಾರ್ಜ್ ಕಂಟ್ರೋಲರ್ ಇದ್ದರೆ ನಿಂತ ಗಾಡಿಯಲ್ಲೂ ನಿಧಾನವಾಗಿ ತುಂಬುತ್ತದೆ. ನೀರು ಹಾಕುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಚಾರ್ಜ್ ಆಗುವಾಗ ಜಲಜನಕ ಹೊರಡುತ್ತದೆ. ಹತ್ತಿರ ಬೆಂಕಿಕಡ್ಡಿ ಗೀರಬೇಡಿ.

ರಾತ್ರಿ ನಾಲ್ವರಿಗೆ ಬೆಳಕಾಗುವುದಕ್ಕೆ ಹಗಲು ತುಂಬಿಕೊಳ್ಳುವ ಬಿಡುವೂ ಬೇಕು. ಮುಂದಿನ ಪಯಣದ ಹಿಂದಿನ ದಿನವೇ ಮೀಟರ್ ನೋಡಿಬಿಡಿ.