ಗೃಹಾರೋಗ್ಯ: ಕಣ್ಣು ತಿಳಿಯಾದ ಮೇಲೆ

ಶಿರಗುಪ್ಪಿಯ ವಾಚಕಿಯೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಸೊಸೆಗೆ ಒಂದು ಕಣ್ಣು ನೊಂದು, ಎರಡೇ ದಿನಗಳಲ್ಲಿ ಮಂಜು ಕವಿದಂತಾಯಿತಂತೆ. ದೃಷ್ಟಿನರಕ್ಕೆ ಉರಿಯೂತವಾಗಿದೆಯೆಂದು ವೈದ್ಯರು ಔಷಧವಿತ್ತರು; ತಿಂಗಳೊಳಗೆ ದೃಷ್ಟಿಯು ಮರಳಿತು. ಆದರೂ ಮಿದುಳಿನ ಎಂ.ಆರ್.ಐ. ಚಿತ್ರವನ್ನು ತೆಗೆಸಬೇಕೆಂದು ವೈದ್ಯರ ಸೂಚನೆ. “ಕಣ್ಣು ನೆಟ್ಟಗಾಗಿರುವಾಗ ತಲೆಯ ಪರೀಕ್ಷೆ ಏಕೆ? ವೃಥಾ ಖರ್ಚಲ್ಲವೇ?” ಎಂದು ಆ ತಾಯಿಯವರು ಕೇಳಿದ್ದಾರೆ.

ಪ್ರಶ್ನೆಯು ಸಹಜವಾದುದೇ. ಕಾಲಿಗೆ ಜಾಲಿಯ ಮುಳ್ಳು ನೆಟ್ಟರೆ ಆ ಭಾಗವು ಕೆಂಪೇರಿ, ಕಾದು, ಬಾತು, ನೋಯುವುದು. ಶರೀರವು ತನ್ನ ರಕ್ಷಣೆಗಾಗಿ ಹೂಡುವ ಈ ಹೋರಾಟವೇ ಉರಿಯೂತವು. ಮುಳ್ಳು ಹೊರಬಿದ್ದು ಗಾಯ ಮಾಯ್ದರೆ ಅದೂ ಶಮಿಸುವುದು. ಆದರೆ ಕೆಲವರಲ್ಲಿ ರಕ್ಷಕಕಣಗಳು ದಾರಿ ತಪ್ಪಿ, ನರತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಹೊದಿಕೆಯನ್ನೇ ಕೆಡಿಸತೊಡಗುವುವು. ಆಗ ನರಗಳ ಸಂದೇಶವು ತಡವರಿಸುವುದು. ಮಿದುಳು, ಬೆನ್ನುಹುರಿಗಳಲ್ಲಿ ಇದು ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲಕ್ಕೆ ಮರುಕಳಿಸುವ ರೋಗಕ್ಕೆ ಮಲ್ಟಿಪಲ್ ಸ್ಕ್ಲೀರೋಸಿಸ್ ಎಂದು ಹೆಸರು.

ದೃಷ್ಟಿನರದ ಉರಿಯೂತವು ಅನೇಕ ವೇಳೆ ಇದರ ಮೊದಲ ಸೂಚನೆ. ಅಮೇರಿಕೆಯಲ್ಲಿ ಇಂಥ ರೋಗಿಗಳನ್ನು 15 ವರ್ಷಗಳವರೆಗೆ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಮಂದಿಯಲ್ಲಿ ಈ ರೋಗವು ತಲೆದೋರಿತ್ತು. ಮೊದಲ ಚಿತ್ರದಲ್ಲಿ ಮಿದುಳಿನೊಳಗೆ ಕಲೆಗಳಿಲ್ಲದವರಲ್ಲಿ ನೂರಕ್ಕೆ 25. ಒಂದಾದರೂ ಕಲೆಯಿದ್ದವರಲ್ಲಿ ನೂರಕ್ಕೆ 72. ನಮ್ಮಲ್ಲಿ ರೋಗವು ವಿರಳ. ಮಂಗಳೂರು ನಗರದ ಗಣನೆಯಲ್ಲಿ ಲಕ್ಷಕ್ಕೆ ಸುಮಾರು 8 ಮಂದಿ ಮಾತ್ರ. ಆದುದರಿಂದ ಅಮೇರಿಕೆಯ ಅಂಕೆಗಳನ್ನು ಇಲ್ಲಿಯ ಸೊಸೆಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಭಯಪಡಬೇಕೋ ನಿಶ್ಚಿಂತರಾಗಿರಬೇಕೋ ಎಂಬುದಕ್ಕೆ ಆ ಚಿತ್ರದಷ್ಟು ದಾರಿ ತೋರುವುದು ಬೇರೊಂದಿಲ್ಲ.

ಕಾರಣವೇನು? ಎಪ್‌ಸ್ಟೀನ್-ಬಾರ್ ಎಂಬ ವೈರಾಣುವಿನ ಸೋಂಕು ತಗಲಿದ ಮೇಲೆ ಅಪಾಯವು ಸುಮಾರು 32 ಪಟ್ಟು ಹೆಚ್ಚುವುದೆಂದು 2022ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಆದರೆ ಆ ವೈರಾಣುವು ಬಹುತೇಕ ಎಲ್ಲರಲ್ಲಿಯೂ ಉಂಟು. ರೋಗವು ಕೆಲವರಿಗೆ ಮಾತ್ರ. ವಂಶಗುಣ, ತಂಬಾಕಿನ ಹೊಗೆ, ಡಿ ಜೀವಸತ್ವದ ಕೊರತೆ, ಎಳೆವಯಸ್ಸಿನ ಅತಿಬೊಜ್ಜು ಇವೂ ಅಪಾಯದೊಡನೆ ಕೂಡಿಕೊಂಡಿವೆ. ಮಲ್ಟಿಪಲ್ ಸ್ಕ್ಲೀರೋಸಿಸ್ ಅಂಟುರೋಗವಲ್ಲ. ಸೊಸೆಯ ತಪ್ಪಂತೂ ಅಲ್ಲವೇ ಅಲ್ಲ.

ತಾಯಿಯವರೇ, ಈ ಬೇನೆಯ ಮೋಸವಿರುವುದು ಅದು ತಾನಾಗಿ ಇಳಿಯುವುದರಲ್ಲಿಯೇ. ದೃಷ್ಟಿ ಮರಳಿತೆಂದು ಹರಕೆ ತೀರಿಸಿರಿ, ಬೇಡವೆನ್ನೆವು. ಆದರೆ ಪರೀಕ್ಷೆಯನ್ನು ಬಿಡಬೇಡಿರಿ. ಮರುಕಳಿಕೆಯನ್ನು ತಗ್ಗಿಸುವ ಔಷಧಗಳು ಇಂದು ಉಂಟು. ಬೇಗ ಆರಂಭಿಸಿದಷ್ಟೂ ಅವುಗಳ ಗುಣ ಹೆಚ್ಚು. ಕಳೆದುಹೋದ ನರತಂತುವನ್ನು ಅವು ಮರಳಿ ತರಲಾರವು. ನಿಮಗೆ ಹುಬ್ಬಳ್ಳಿಯು ದೂರವಲ್ಲ; ಹೆಚ್ಚಿನ ಸಲಹೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯುಂಟು. ಮುಂದೆ ಕಾಲು ಸೋತರೆ, ಮೈ ಜೋಮುಗಟ್ಟಿದರೆ, ಕಣ್ಣು ಮತ್ತೆ ಮಸುಕಾದರೆ ತಡಮಾಡದೆ ವೈದ್ಯರಿಗೆ ತೋರಿಸಿರಿ. ಚಿತ್ರದಲ್ಲಿ ಕಲೆಯಿಲ್ಲದಿದ್ದರೆ ಮನೆಮಂದಿಗೆ ಬಹುಮಟ್ಟಿಗೆ ನೆಮ್ಮದಿ. ಇದ್ದರೆ ಸಕಾಲಕ್ಕೆ ತಿಳಿದಂತಾಯಿತು. ಎರಡು ಬಗೆಯಿಂದಲೂ ಆ ಖರ್ಚು ವೃಥಾ ಅಲ್ಲ.