ಏಳು ವೋಟು, ಒಂದು ಕೆಲಸ

2023ರ ವಿಧಾನಸಭಾ ಚುನಾವಣೆಗೆ ವೋಟು ಹಾಕೋಕೆ ಊರಿಗೆ ಹೋಗಿದ್ದೆ. ಮೇ 9ರ ರಾತ್ರಿ ಬಸ್ಸಿಳಿದು ಮನೆಗೆ ಬಂದರೆ ಜಗಲಿ ಮೇಲೆ ಚಿಕ್ಕಪ್ಪನ ಜೊತೆ ಊರಿನ ಪುಢಾರಿಯೊಬ್ಬರು ಕೂತಿದ್ದರು. "ಬಾರಮ್ಮ, ನಿನ್ನನ್ನೇ ಕಾಯ್ತಿದ್ವಿ" ಅಂದರು. ಕಾಯ್ತಿದ್ದದ್ದು ನನ್ನ ವೋಟಿಗೆ ಅಂತ ಆಮೇಲೆ ಗೊತ್ತಾಯ್ತು.

ವಿಷಯ ಇಷ್ಟೇ. ಚಿಕ್ಕಪ್ಪನ ಮಗ ಡಿಪ್ಲೊಮಾ ಮುಗಿಸಿ ಮೂರು ವರ್ಷದಿಂದ ಮನೇಲಿದ್ದ. ಸರ್ಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಕೆಲಸ ಖಾಲಿ ಇತ್ತು. "ನಮ್ಮೋರು ಗೆದ್ರೆ ಕೆಲಸ ಇವನಿಗೇ. ನಿಮ್ಮನೇದು ಏಳು ವೋಟು ಅಲ್ವಾ?" ಚಿಕ್ಕಪ್ಪ ತಲೆಯಾಡಿಸಿದರು.

ಚಿಕ್ಕಪ್ಪ ಕೆಟ್ಟವರಲ್ಲ. ಹಿಂದಿನ ವಾರ ಕುಕ್ಕರ್ ತಂದವರನ್ನ "ವೋಟು ಮಾರೋ ಮನೆ ಅಲ್ಲ ನಮ್ದು" ಅಂತ ಬೈದು ಕಳಿಸಿದ್ದರು. ಕೆಲಸ ಕೊಡಿಸೋದು ಮಾತ್ರ ಅವರ ಲೆಕ್ಕದಲ್ಲಿ ಸಹಾಯ. ಋಣ ಅಂತಾರಲ್ಲ, ಅದು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಕಾನೂನು ತೆಗೆದು ಓದಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್‌ನಲ್ಲಿ ಚುನಾವಣಾ ಲಂಚದ ವಿವರಣೆ ಇದೆ. ಲಂಚ ಅಂದರೆ ದುಡ್ಡೇ ಆಗಬೇಕಿಲ್ಲ, ಸಂಬಳ ಸಿಗೋ ಯಾವುದೇ ಕೆಲಸವೂ ಅದರಲ್ಲಿ ಸೇರುತ್ತೆ. ಆಗ ಇದ್ದ ಐಪಿಸಿಯ 171ಬಿ ಸೆಕ್ಷನ್ (2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 170) ಇನ್ನೂ ಖಡಕ್ಕು. ಕೊಡ್ತೀನಿ ಅಂದರೂ ಕೊಟ್ಟ ಹಾಗೆ, ಆಗಲಿ ಅಂತ ಒಪ್ಪಿದರೂ ತಗೊಂಡ ಹಾಗೆ. ತನಗೆ ತಗೊಂಡರೂ ಒಂದೇ, ಮಗನಿಗೆ ತಗೊಂಡರೂ ಒಂದೇ. ಒಂದು ವರ್ಷದವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಅಂದರೆ ಜಗಲಿ ಮೇಲೆ ಆಡಿದ ಆ ತಲೆ!

ಆಫೀಸಲ್ಲಿ ಹೇಳಿದಾಗ ಗೆಳೆಯನೊಬ್ಬ ಕೇಳಿದ, "ಹಾಗಾದ್ರೆ ಪ್ರಣಾಳಿಕೆಯ ಗ್ಯಾರಂಟಿಗಳು?" ಅದೇ 171ಬಿ ಸೆಕ್ಷನ್ನು ಸಾರ್ವಜನಿಕ ನೀತಿಯ ಘೋಷಣೆಯನ್ನು ಹೊರಗಿಡುತ್ತೆ. ಪ್ರಣಾಳಿಕೆಯ ಭರವಸೆ 123ನೇ ಸೆಕ್ಷನ್ನಿನ ಭ್ರಷ್ಟ ಆಚರಣೆ ಆಗಲ್ಲ ಅಂತ 2013ರಲ್ಲಿ ತಮಿಳುನಾಡಿನ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸರಿಯೋ ತಪ್ಪೋ, ಅದು ಬೇರೆ ಜಗಳ. ಮೈಕಿನಲ್ಲಿ ಎಲ್ಲರಿಗೂ ಹೇಳಿದ ಮಾತು ಒಂದು, ಜಗಲಿ ಮೇಲೆ ಒಂದು ಮನೆಗೆ ಮೆಲ್ಲಗೆ ಹೇಳಿದ ಮಾತು ಇನ್ನೊಂದು.

ದೂರು ಕೊಡಬಹುದಿತ್ತು. ಚುನಾವಣಾ ಆಯೋಗದ ಸಿವಿಜಿಲ್ ಆ್ಯಪ್ ನನ್ನ ಫೋನಲ್ಲೇ ಇತ್ತು. ಬಾಯಿಮಾತಿಗೆ ಫೋಟೋ ಎಲ್ಲಿಂದ ತೆಗೀಲಿ? ಗೆದ್ದವರ ಮೇಲೆ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ಅರ್ಜಿ ಹಾಕೋ ಹಕ್ಕು ಆ ಕ್ಷೇತ್ರದ ಮತದಾರರಿಗೂ ಇದೆ. ಆದರೆ ಪುಢಾರಿ ಹೇಳಿದ್ದು ಅಭ್ಯರ್ಥಿಯ ಒಪ್ಪಿಗೆಯಿಂದಲೇ ಅಂತ ಸಾಬೀತಾಗಬೇಕು. ಜಗಲಿಗೆ ಅಭ್ಯರ್ಥಿ ತಾನೇ ಯಾಕೆ ಬರಲ್ಲ ಅಂತ ಆಗ ಅರ್ಥ ಆಯ್ತು. ಇದೆಲ್ಲ ನೆಪ, ಬಿಡಿ. ಚಿಕ್ಕಪ್ಪನ ಹೆಸರು ಬರೆಯೋ ಧೈರ್ಯ ನನಗಿರಲಿಲ್ಲ.

ಅವರು ಗೆದ್ದರು. ತಮ್ಮನಿಗೆ ಕೆಲಸ ಸಿಕ್ತು. ವರ್ಷ ವರ್ಷ ಗುತ್ತಿಗೆ ನವೀಕರಣ, ಹಾಗಾಗಿ ಋಣವೂ ವರ್ಷ ವರ್ಷ ನವೀಕರಣ. ಸಮಾವೇಶ ಅಂದರೆ ರಜೆ ಹಾಕಿ ಬಸ್ಸಿಗೆ ಜನ ತುಂಬಿಸಬೇಕು. ಹಿಂದೆ ಬಾಯ್ತುಂಬಾ ರಾಜಕೀಯ ಮಾತಾಡ್ತಿದ್ದ ಹುಡುಗ, ಈಗ ವಾಟ್ಸಾಪ್ ಸ್ಟೇಟಸ್ಸಿಗೂ ಯಾರನ್ನೋ ಕೇಳ್ತಾನೆ.

ಅದೇ ಕೆಲಸಕ್ಕೆ ನಮ್ಮ ಹಿಂದಿನ ಬೀದಿಯ ಹುಡುಗಿಯೂ ಅರ್ಜಿ ಹಾಕಿದ್ದಳಂತೆ. ಬಿಕಾಂ ಮಾಡಿದಾಳೆ, ಕನ್ನಡ ಇಂಗ್ಲಿಷ್ ಎರಡೂ ಟೈಪಿಂಗ್ ಬರುತ್ತೆ. ಮನೇಲಿ ಅವಳು, ಅವಳಮ್ಮ, ಇಬ್ಬರೇ. ಜಾತ್ರೆಯಲ್ಲಿ ಸಿಕ್ಕಾಗ ನಗುತ್ತಲೇ ಕೇಳಿದಳು, "ಅಕ್ಕಾ, ನಿಮ್ಮನೇಲಿ ವೋಟು ಎಷ್ಟು?"

ಉತ್ತರ ಹೇಳೋಕಾಗಲಿಲ್ಲ. ಬೆಂಗಳೂರಿಗೆ ಬಂದು ಫಾರಂ 8 ತುಂಬಿ, ನನ್ನ ಹೆಸರನ್ನ ಇಲ್ಲಿನ ಪಟ್ಟಿಗೆ ಬದಲಾಯಿಸಿಕೊಂಡೆ. ವರ್ಷಗಳಿಂದ ವಾಸ ಇರೋದು ಇಲ್ಲೇ, ಎಂದೋ ಮಾಡಬೇಕಿತ್ತು.

ಮೊನ್ನೆ ತಮ್ಮ ಫೋನ್ ಮಾಡಿದ್ದ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾದ್ರೆ ನಾವೀಗ ಆರೇನಾ ಅಕ್ಕಾ?"